ಸೈಟೋ, ಫ್ಲ್ಯಾಟೋ, ಹಳೇ ಮನೆಯೋ? ಬೆಂಗಳೂರಿನಲ್ಲಿ ಕೊಳ್ಳುವ ಮುಂಚೆ ನಾಲ್ಕು ಲೆಕ್ಕ

"ಕೈಯಲ್ಲಿ ಇಪ್ಪತ್ತು ಲಕ್ಷ ಇದೆ. ಬ್ಯಾಂಕಿನವರು ಅರವತ್ತರವರೆಗೆ ಸಾಲ ಕೊಡಬಹುದು ಅಂದಿದ್ದಾರೆ. ಹೆಂಡತಿಗೆ ಫ್ಲ್ಯಾಟು ಇಷ್ಟ, ಅಪ್ಪ ಸೈಟು ತಗೋ ಅನ್ನುತ್ತಾರೆ, ಮಾವನವರು ಹಳೇ ಬಡಾವಣೆಯಲ್ಲೊಂದು ಮನೆ ನೋಡಿಟ್ಟಿದ್ದಾರೆ. ಏನು ಮಾಡಲಿ?"

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ ರೂಪದಲ್ಲಿರುತ್ತದೆ. ಅಪ್ಪ, ಹೆಂಡತಿ, ಮಾವ ಮೂವರೂ ಅವರವರ ಲೆಕ್ಕದಲ್ಲಿ ಸರಿಯಾಗಿಯೇ ಹೇಳುತ್ತಿರುತ್ತಾರೆ. ಕೊಳ್ಳುವ ಪ್ರತಿಯೊಂದು ದಾರಿಯೂ ನಮ್ಮಿಂದ ನಾಲ್ಕು ಬಗೆಯ ಬೆಲೆ ಕೇಳುತ್ತದೆ: ದುಡ್ಡು, ಕಾಲ, ಓಡಾಟ, ದಾಖಲೆಯ ತಲೆನೋವು. ಒಂದು ಕಡಿಮೆಯಾದ ಕಡೆ ಇನ್ನೊಂದು ಹೆಚ್ಚಿರುತ್ತದೆ. ಹಾಗಾಗಿ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಈ ನಾಲ್ಕರಲ್ಲಿ ನಿಮ್ಮ ಹತ್ತಿರ ಯಾವುದು ಕಡಿಮೆ ಇದೆ?

ಉತ್ತರ ಹೊಳೆಯಬೇಕಾದರೆ ಮೊದಲು ಒಂದೊಂದನ್ನೂ ಅಳೆಯುವುದು ಹೇಗೆ ಅಂತ ನೋಡೋಣ.

ದುಡ್ಡು: ಜಾಹೀರಾತಿನ ಬೆಲೆ ಮತ್ತು ಕೈಬಿಡುವ ಹಣ

80 ಲಕ್ಷದ ಫ್ಲ್ಯಾಟು ಅಂದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಮೌಲ್ಯದ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕೂ ಮೇಲಿನ ಸಾಲಕ್ಕೆ ಶೇ 75ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ಅಂದರೆ ಇಲ್ಲಿ ಸಾಲ ಹೆಚ್ಚೆಂದರೆ 64 ಲಕ್ಷ, ನಿಮ್ಮ ಪಾಲು 16 ಲಕ್ಷ. ಇಷ್ಟಕ್ಕೇ ಲೆಕ್ಕ ನಿಲ್ಲಿಸುವವರೇ ಹೆಚ್ಚು.

ಆಮೇಲೆ ನೋಂದಣಿಯ ಖರ್ಚು. ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿದರೆ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6. ಅಂದರೆ 80 ಲಕ್ಷಕ್ಕೆ 6 ಲಕ್ಷದ 8 ಸಾವಿರ. ಇದನ್ನು ಕ್ರಯದ ಮೊತ್ತ ಮತ್ತು ಸರ್ಕಾರದ ಮಾರ್ಗಸೂಚಿ ದರ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಸಾಲದ ಮಿತಿ ಲೆಕ್ಕಹಾಕುವಾಗ ಬ್ಯಾಂಕು ಈ ಖರ್ಚನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸುವುದಿಲ್ಲ, ಪೂರ್ತಿ ಕೈಯಿಂದಲೇ ಹೋಗಬೇಕು. ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ 5 ಜಿಎಸ್‌ಟಿ, ಅಂದರೆ ಇನ್ನೂ 4 ಲಕ್ಷ. ಬೆಂಗಳೂರಿನಲ್ಲಿ 45 ಲಕ್ಷದೊಳಗೆ, 60 ಚದರ ಮೀಟರ್ ಕಾರ್ಪೆಟ್ ಅಳತೆಯೊಳಗೆ (ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗ) ಇದ್ದರೆ ಜಿಎಸ್‌ಟಿ ಶೇ 1 ಮಾತ್ರ.

ಹಾಗಾಗಿ 80 ಲಕ್ಷದ ಸಿದ್ಧ ಫ್ಲ್ಯಾಟಿಗೆ ಕೈಯಲ್ಲಿ ಕನಿಷ್ಠ 22 ಲಕ್ಷ ಬೇಕು, ಕಟ್ಟುತ್ತಿರುವುದಕ್ಕೆ 26. ವಾರ್ಡ್‌ರೋಬು, ಅಡುಗೆಮನೆಯ ಮರಗೆಲಸ, ಗೃಹಪ್ರವೇಶದ ಖರ್ಚು ಇದರಲ್ಲಿ ಇಲ್ಲ.

ಇದನ್ನೇ ಹಿಂದುಮುಂದಾಗಿ ಮಾಡಿ ನೋಡಿ. ಕೈಯಲ್ಲಿ 20 ಲಕ್ಷ ಇರುವವರು ಆಸ್ಪತ್ರೆ, ಕೆಲಸ ಹೋಗುವ ಭಯ ಇತ್ಯಾದಿಗೆ 4 ಲಕ್ಷ ತೆಗೆದಿಟ್ಟರೆ ಉಳಿಯುವುದು 16. ಅದನ್ನು ಶೇ 27.6ರಿಂದ (ಶೇ 20 ಮುಂಗಡ, ಶೇ 7.6 ನೋಂದಣಿ) ಭಾಗಿಸಿದರೆ ಕೊಳ್ಳಬಹುದಾದ ಆಸ್ತಿಯ ಬೆಲೆ ಸುಮಾರು 58 ಲಕ್ಷ. ಬ್ಯಾಂಕಿನವರು 60 ಸಾಲ ಕೊಡುತ್ತಾರೆ, ನನ್ನದು 20 ಇದೆ, ಕೂಡಿದರೆ 80 ಅನ್ನುವ ಲೆಕ್ಕ ಇಲ್ಲಿಗೇ ಮುರಿದುಬೀಳುತ್ತದೆ. 58 ಲಕ್ಷದ ಆಸ್ತಿಗೆ 46.4 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದುಕೊಂಡರೆ ತಿಂಗಳ ಕಂತು ಸುಮಾರು 40,300. 64 ಲಕ್ಷಕ್ಕಾದರೆ 55,500.

ದಾಖಲೆ: ಮೂರು ಬೇರೆ ಪ್ರಶ್ನೆಗಳು

"ಪೇಪರೆಲ್ಲಾ ಕ್ಲಿಯರ್ ಇದೆ ಸಾರ್" ಅಂತ ಬ್ರೋಕರ್ ಹೇಳಿದಾಗ ಯಾವ ಪೇಪರು ಅಂತ ಕೇಳಬೇಕು. ಹಕ್ಕು, ಅನುಮತಿ, ಖಾತೆ ಈ ಮೂರೂ ಬೇರೆ ಬೇರೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಹಕ್ಕು ಯಾರದು ಅನ್ನುವುದಕ್ಕೆ ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ಸರಪಳಿ, ಜತೆಗೆ ಋಣಭಾರ ಪತ್ರ, ಅಂದರೆ ಇಸಿ. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ಇಸಿ ಆನ್‌ಲೈನಿನಲ್ಲೇ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ವಕೀಲರು 30 ವರ್ಷದ್ದು ಕೇಳುವುದು ವಾಡಿಕೆ. ವ್ಯವಹಾರ ನಡೆದಿದ್ದರೆ ಫಾರಂ 15 ಬರುತ್ತದೆ, ಏನೂ ನಡೆದಿಲ್ಲದಿದ್ದರೆ ಫಾರಂ 16. ನೋಂದಣಿಯೇ ಆಗದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಇಸಿಯಲ್ಲಿ ಕಾಣಿಸಬೇಕೆಂದಿಲ್ಲ. ಜಿಪಿಎ (ಇನ್ನೊಬ್ಬರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಮೇಲೆ ಮಾರಾಟ ಅಂದರೆ ಅಲ್ಲಿಂದ ಎದ್ದು ಬನ್ನಿ. ಜಿಪಿಎಯಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಅನುಮತಿ ಅಂದರೆ ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ, ಬಡಾವಣೆ ನಕ್ಷೆ, ಕಟ್ಟಡದ ಮಂಜೂರಾದ ನಕ್ಷೆ, ಕೊನೆಗೆ ಓಸಿ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಎಂದು ಕೊಡುವ ಸ್ವಾಧೀನ ಪ್ರಮಾಣಪತ್ರ. ಓಸಿ ಇಲ್ಲದಿದ್ದರೂ ನಡೆಯುತ್ತೆ ಬಿಡಿ ಅನ್ನುತ್ತಿದ್ದ ಕಾಲ ಮುಗಿಯುತ್ತ ಬಂದಿದೆ. ಕಟ್ಟಡಕ್ಕೆ ಪೂರ್ಣತಾ ಅಥವಾ ಸ್ವಾಧೀನ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಮರುವರ್ಷ ಬೆಂಗಳೂರಿನಲ್ಲಿ ಮನೆ ಕಟ್ಟಿ ಮೀಟರಿಗಾಗಿ ಕಾದು ಕುಳಿತವರ ಕಥೆ ಎಲ್ಲರಿಗೂ ಗೊತ್ತು.

ಇನ್ನು ಖಾತೆ. ಇದು ಕಂದಾಯ ಯಾರ ಹೆಸರಿನಲ್ಲಿ ಕಟ್ಟಬೇಕು ಅನ್ನುವ ದಾಖಲೆ ಅಷ್ಟೇ, ಒಡೆತನದ ಪತ್ರ ಅಲ್ಲ. ಈಗ ನಗರದಲ್ಲಿ ಇ-ಖಾತಾ, ಅಂದರೆ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಇದನ್ನೇ ಬಂಡವಾಳ ಮಾಡಿಕೊಂಡು "ಇ-ಖಾತಾ ಆಗಿದೆ" ಅಂತ ದಪ್ಪಕ್ಷರದಲ್ಲಿ ಬೋರ್ಡು ಹಾಕುತ್ತಾರೆ. ಇ-ಖಾತಾ ಎ ಖಾತೆಗೂ (ಅನುಮತಿಗಳೆಲ್ಲ ಸರಿಯಿರುವ ಆಸ್ತಿ) ಸಿಗುತ್ತದೆ, ಬಿ ಖಾತೆಗೂ (ಅನುಮತಿಯಲ್ಲಿ ಕೊರತೆ ಇದ್ದು ಕಂದಾಯಕ್ಕಷ್ಟೇ ದಾಖಲಾದ ಆಸ್ತಿ) ಸಿಗುತ್ತದೆ. ಪ್ರಿಂಟು ತೆಗೆಸಿ ಯಾವುದು ಅಂತ ಓದಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದಿರುವುದರಿಂದ ನಿಮ್ಮ ಆಸ್ತಿ ಯಾವುದಕ್ಕೆ ಸೇರಿದೆ ಅನ್ನುವುದೂ ತಿಳಿದಿರಲಿ.

ಕಾಲ, ಓಡಾಟ ಇವೆರಡಕ್ಕೆ ಬೇರೆ ಪೀಠಿಕೆ ಬೇಡ. ಒಂದೊಂದು ದಾರಿಯ ಜತೆಯಲ್ಲೇ ಬರುತ್ತವೆ.

ಸಿದ್ಧವಾಗಿರುವ, ಒಬ್ಬರು ವಾಸವಿದ್ದ ಫ್ಲ್ಯಾಟು

ಕಾಲ ಮತ್ತು ಓಡಾಟ ಎರಡೂ ಕಡಿಮೆ ಇರುವವರಿಗೆ ಹೇಳಿ ಮಾಡಿಸಿದ್ದು ಇದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗುವಿಗೆ ಜೂನಿನಲ್ಲಿ ಶಾಲೆ, ಬಾಡಿಗೆ ಮನೆ ಬಿಡಬೇಕಾಗಿದೆ ಅನ್ನುವವರಿಗೆ ನಾನು ಹೆಚ್ಚಾಗಿ ಹೇಳುವುದೂ ಇದನ್ನೇ. ನೋಡುತ್ತಿರುವ ಮನೆಯೇ ಸಿಗುವ ಮನೆ. ಬೆಳಕು ಎಲ್ಲಿಂದ ಬರುತ್ತದೆ, ಮೇಲಿನ ಮನೆಯ ಬಚ್ಚಲು ಸೋರುತ್ತದೆಯೋ, ಬೇಸಿಗೆಯಲ್ಲಿ ನೀರು ಹೇಗೆ ಎಲ್ಲವನ್ನೂ ಕಣ್ಣಾರೆ ನೋಡಬಹುದು, ಅಕ್ಕಪಕ್ಕದವರನ್ನು ಕೇಳಬಹುದು. ಜಿಎಸ್‌ಟಿ ಇಲ್ಲ. ಸಾಲ ಬೇಗ ಆಗುತ್ತದೆ, ಹಿಂದಿನವರಿಗೆ ದೊಡ್ಡ ಬ್ಯಾಂಕೊಂದು ಸಾಲ ಕೊಟ್ಟಿದ್ದರೆ ದಾಖಲೆಯ ಒಂದು ಸುತ್ತು ಆಗಲೇ ಮುಗಿದಿರುತ್ತದೆ.

ತೆರುವ ಬೆಲೆ ಬೇರೆ ಕಡೆ ಇದೆ. ಫ್ಲ್ಯಾಟಿನಲ್ಲಿ ಕಟ್ಟಡ ಹಳತಾಗುತ್ತ ಹೋಗುತ್ತದೆ, ಬೆಳೆಯುವುದು ಅದರ ಕೆಳಗಿನ ನೆಲದಲ್ಲಿ ನಿಮಗಿರುವ ಪಾಲು, ಅಂದರೆ ಯುಡಿಎಸ್. ಎರಡು ಎಕರೆಯಲ್ಲಿ (87,120 ಚದರ ಅಡಿ) 160 ಮನೆ ಇದ್ದರೆ ಒಂದೊಂದಕ್ಕೆ ಸರಾಸರಿ 544 ಚದರ ಅಡಿ ನೆಲ. ಅರ್ಧ ಎಕರೆಯಲ್ಲಿ 80 ಮನೆ ಎಬ್ಬಿಸಿದ್ದರೆ 272. ಇಬ್ಬರೂ ಒಂದೇ ದರ ಹೇಳುತ್ತಿದ್ದರೆ ಎರಡನೆಯವರ ಹತ್ತಿರ ನೀವು ಕೊಳ್ಳುತ್ತಿರುವುದು ಹೆಚ್ಚುಪಾಲು ಸಿಮೆಂಟನ್ನು. ಕ್ರಯಪತ್ರದ ಷೆಡ್ಯೂಲಿನಲ್ಲಿ ಈ ಪಾಲು ಬರೆದಿರುತ್ತದೆ, ಯಾರೂ ಓದುವುದಿಲ್ಲ.

ಅಳತೆಯಲ್ಲೂ ಹುಷಾರು. 1,200 ಚದರ ಅಡಿ ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿದ ಅಳತೆ) ಅಂದರೆ ಒಳಗೆ ಕಾಲಿಡುವ ಜಾಗ 850ರ ಆಸುಪಾಸು ಇರಬಹುದು. ಎರಡು ಫ್ಲ್ಯಾಟು ಹೋಲಿಸುವಾಗ ಬೆಲೆಯನ್ನು ಕಾರ್ಪೆಟ್ ಅಳತೆಯಿಂದ ಭಾಗಿಸಿ ನೋಡಿ, ಅಗ್ಗ ಅಂದುಕೊಂಡದ್ದು ಎಷ್ಟೋ ಸಲ ದುಬಾರಿಯಾಗಿರುತ್ತದೆ.

ತಿಂಗಳ ನಿರ್ವಹಣಾ ಶುಲ್ಕ ಸಾಲ ತೀರಿದ ಮೇಲೂ ತೀರುವುದಿಲ್ಲ. ಚದರ ಅಡಿಗೆ 4 ರೂಪಾಯಿಯಾದರೆ 1,300 ಚದರ ಅಡಿಗೆ 5,200. ಈಜುಕೊಳ, ಕ್ಲಬ್‌ಹೌಸು ಇರುವ ಕಡೆ ತಿಂಗಳಿಗೆ 7,500 ದಾಟಿದರೆ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದರೆ, ಅದರ ಮೇಲೆ ಶೇ 18 ಜಿಎಸ್‌ಟಿಯೂ ಬೀಳುತ್ತದೆ. ಅಸೋಸಿಯೇಷನ್ನಿನ ಹಿಂದಿನ ಎರಡು ವರ್ಷದ ಲೆಕ್ಕಪತ್ರ ಕೇಳಿ. ಟ್ಯಾಂಕರ್ ನೀರಿಗೆ ಎಷ್ಟು ಹೋಗಿದೆ, ಲಿಫ್ಟು ಬದಲಿಸಲು ಹಣ ಕೂಡಿಟ್ಟಿದ್ದಾರೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. 2024ರ ಬೇಸಿಗೆಯಲ್ಲಿ ನೀರಿನ ಬಿಲ್ಲು ಹೇಗಿತ್ತು ಅಂತ ನಿರ್ದಿಷ್ಟವಾಗಿ ಕೇಳಿದರೆ ಇನ್ನೂ ಒಳ್ಳೆಯದು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆ ಅದು. ಆದರೆ ಯೋಜನೆಯ ವ್ಯಾಪ್ತಿಯಲ್ಲಿ ಇರುವುದು ಬೇರೆ, ನಿಮ್ಮ ಕಟ್ಟಡ ಹಣ ಕಟ್ಟಿ ಸಂಪರ್ಕ ಪಡೆದಿರುವುದು ಬೇರೆ.

ಇನ್ನೊಂದು ಸಣ್ಣ ವಿಷಯ, ತಪ್ಪಿದರೆ ದೊಡ್ಡದು. 50 ಲಕ್ಷ ಅಥವಾ ಅದಕ್ಕೂ ಮೇಲಿನ ಕ್ರಯಕ್ಕೆ ಕೊಳ್ಳುವವರೇ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿರುವ ಅನಿವಾಸಿ ಭಾರತೀಯರಾದರೆ ಈ ಶೇ 1 ಅನ್ವಯಿಸುವುದಿಲ್ಲ, ಹಿಡಿಯಬೇಕಾದ ತೆರಿಗೆ ಬಹಳ ಹೆಚ್ಚು. ಅಂಥ ಕಡೆ ಮುಂಗಡ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಕಟ್ಟುತ್ತಿರುವ ಫ್ಲ್ಯಾಟು

ಕಾಲ ಧಾರಾಳವಾಗಿದ್ದು, ಈಗ ದುಡ್ಡು ಕಡಿಮೆ ಇದ್ದು, ಸಂಬಳ ಏರುತ್ತದೆ ಅನ್ನುವ ಭರವಸೆ ಇರುವವರು ಇಲ್ಲಿಗೆ ಬರುತ್ತಾರೆ. ಕಂತು ಕಂತಾಗಿ ಕಟ್ಟಬಹುದು, ಮಹಡಿ, ದಿಕ್ಕು ಆರಿಸಬಹುದು.

ನಾನೂ ಹಾಗೆ ಆರಿಸಿದವನೇ. ಮೂರು ವರ್ಷ ಅಂದದ್ದು ನಾಲ್ಕು ವರ್ಷ ಎರಡು ತಿಂಗಳಾಯಿತು. ಆ ಹೆಚ್ಚುವರಿ 14 ತಿಂಗಳು ತಿಂಗಳಿಗೆ ಬಾಡಿಗೆ 18 ಸಾವಿರ, ಬಿಡುಗಡೆಯಾದ ಸಾಲದ ಮೇಲಿನ ಬಡ್ಡಿ ಸುಮಾರು 27 ಸಾವಿರ, ಎರಡನ್ನೂ ಕಟ್ಟಿದೆ. ಒಟ್ಟು ಆರು ಲಕ್ಷದ ಮೇಲೆ. ಬುಕ್ ಮಾಡುವಾಗ "ರೆಡಿ ಫ್ಲ್ಯಾಟಿಗಿಂತ ಐದು ಲಕ್ಷ ಕಡಿಮೆ" ಅಂತ ಹಿಗ್ಗಿದ್ದೆ. ಇಂದಿಗೂ ಮನೆಯಲ್ಲಿ ಈ ಮಾತು ಬಂದರೆ ನಾನು ಎದ್ದು ಕಾಫಿ ಮಾಡಲು ಹೋಗುತ್ತೇನೆ.

ಹಾಗಂತ ಈ ದಾರಿಯೇ ಬೇಡ ಅನ್ನಲಾರೆ. ಕರ್ನಾಟಕದಲ್ಲಿ 2017ರಿಂದ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಇದೆ. 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗದೆ ಜಾಹೀರಾತನ್ನೂ ಕೊಡುವಂತಿಲ್ಲ. ಪ್ರಿ-ಲಾಂಚ್ ರಿಯಾಯಿತಿ ಅಂತ ಫೋನು ಬಂದರೆ ರೇರಾ ಸಂಖ್ಯೆ ಕೇಳಿ, ಅರ್ಧದಷ್ಟು ಕರೆಗಳು ಅಲ್ಲೇ ಕಡಿದುಹೋಗುತ್ತವೆ. ನೋಂದಾಯಿತ ಕರಾರು ಆಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು. ಕೊಂಡವರಿಂದ ಬಂದ ಹಣದ ಶೇ 70ನ್ನು ಆ ಯೋಜನೆಗೇ ಮೀಸಲಾದ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಮನೆ ಕೊಟ್ಟ ಮೇಲೆ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಅವರದೇ ಖರ್ಚಿನಲ್ಲಿ ಸರಿಪಡಿಸಬೇಕು. ತಡವಾದರೆ ಬಡ್ಡಿ ಕೇಳುವ ಹಕ್ಕಿದೆ, ಬೇಡ ಅನ್ನಿಸಿದರೆ ಹಣ ವಾಪಸು ಕೇಳುವ ಹಕ್ಕೂ ಇದೆ. ಹಕ್ಕಿದೆ ಅಂದಮಾತ್ರಕ್ಕೆ ಹಣ ನಾಳೆ ಬರುವುದಿಲ್ಲ. ಆದೇಶ ಬಂದರೂ ಬಿಲ್ಡರ್ ಕೊಡದಿದ್ದರೆ ವಸೂಲಿ ಕಂದಾಯ ಅಧಿಕಾರಿಗಳ ಮೂಲಕ ನಡೆಯಬೇಕು, ಅದಕ್ಕೆ ಮತ್ತೆ ಕಾಲ ಹಿಡಿಯುತ್ತದೆ.

ಆದ್ದರಿಂದ ನನ್ನ ಅಳತೆಗೋಲು ಇಷ್ಟು. ಹೇಳಿದ ದಿನಾಂಕಕ್ಕೆ ಒಂದೂವರೆ ವರ್ಷ ಸೇರಿಸಿ. ಅಲ್ಲಿಯವರೆಗೆ ಬಾಡಿಗೆ, ಬಡ್ಡಿ ಎರಡನ್ನೂ ಎಳೆಯುವ ಶಕ್ತಿ ಇದ್ದರೆ ಮಾತ್ರ ಮುಂದೆ ಹೋಗಿ. ಇಲ್ಲವಾದರೆ ಅದೇ ಬಿಲ್ಡರ್ ಐದು ವರ್ಷದ ಹಿಂದೆ ಮುಗಿಸಿದ ಕಟ್ಟಡದಲ್ಲಿ ಮಾರಾಟಕ್ಕಿರುವ ಮನೆ ಹುಡುಕಿ.

ಜಮೀನಿನ ಮಾಲೀಕರು ಮತ್ತು ಬಿಲ್ಡರ್ ಜಂಟಿಯಾಗಿ ಕಟ್ಟಿದ ಕಡೆ ಮಾಲೀಕರ ಪಾಲಿನ ಫ್ಲ್ಯಾಟುಗಳು ಕೆಲವೊಮ್ಮೆ ಕಡಿಮೆಗೆ ಸಿಗುತ್ತವೆ. ತಪ್ಪೇನಿಲ್ಲ. ಯಾವ ನಂಬರಿನ ಮನೆ ಯಾರ ಪಾಲಿಗೆ ಅನ್ನುವ ಹಂಚಿಕೆ ಒಪ್ಪಂದ ಒಂದನ್ನು ಮಾತ್ರ ಕೇಳಿ ಪಡೆಯಿರಿ.

ಸೈಟು ಕೊಂಡು ಕಟ್ಟುವುದು

ಅಪ್ಪಂದಿರ ಮೊದಲ ಆಯ್ಕೆ ಯಾವಾಗಲೂ ಇದೇ, ಅದಕ್ಕೆ ಕಾರಣವೂ ಇದೆ. ನೆಲ ಪೂರ್ತಿ ನಿಮ್ಮದು. ಈ ವರ್ಷ ನೆಲಮಹಡಿ, ಹತ್ತು ವರ್ಷದ ಮೇಲೆ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಡಬಹುದು. ನಿರ್ವಹಣಾ ಶುಲ್ಕ ಇಲ್ಲ, ಅಸೋಸಿಯೇಷನ್ ಜಗಳ ಇಲ್ಲ.

ನಾಲ್ಕರಲ್ಲಿ ಓಡಾಟವನ್ನು ಅತಿ ಹೆಚ್ಚು ಕೇಳುವುದೂ ಇದೇ. ತರ್ಟಿ-ಫಾರ್ಟಿ ಸೈಟಿನಲ್ಲಿ 1,500 ಚದರ ಅಡಿ ಕಟ್ಟಿಸುತ್ತೀರಿ, ಚದರ ಅಡಿಗೆ 2,200 ರೂಪಾಯಿ ಅಂದುಕೊಂಡರೆ 33 ಲಕ್ಷ. ಕಾಂಪೌಂಡು, ಸಂಪು, ಬೋರ್‌ವೆಲ್ಲು, ವಿದ್ಯುತ್ ಮತ್ತು ಒಳಚರಂಡಿ ಸಂಪರ್ಕ, ನಕ್ಷೆ ಮಂಜೂರಾತಿಯ ಶುಲ್ಕ ಇದರ ಹೊರಗೆ. ಕಂಟ್ರಾಕ್ಟರಿಗೆ ಒಟ್ಟು ಗುತ್ತಿಗೆ ಕೊಟ್ಟರೂ ಸೆಂಟ್ರಿಂಗ್ ದಿನ, ಮೋಲ್ಡಿಂಗ್ ದಿನ, ಟೈಲ್ಸು ಆರಿಸುವ ದಿನ ನೀವು ಅಲ್ಲಿರಲೇಬೇಕು. ರಜೆ ಸಿಗದ ಕೆಲಸದಲ್ಲಿರುವವರು, ಸೈಟಿನ ಹತ್ತಿರ ನೋಡಿಕೊಳ್ಳುವವರು ಯಾರೂ ಇಲ್ಲದವರು ಈ ದಾರಿ ಹಿಡಿಯುವ ಮುಂಚೆ ಎರಡು ಸಲ ಯೋಚಿಸಿ.

ಸೈಟಿನಲ್ಲೂ ಜಾತಿಗಳಿವೆ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆ ಮಾಡಿದ್ದಕ್ಕೆ ಹಕ್ಕಿನ ವಿಷಯದಲ್ಲಿ ತಲೆನೋವು ಕಡಿಮೆ. ಬೆಲೆಯೂ ಅದಕ್ಕೆ ತಕ್ಕಂತೆ. ಹಂಚಿಕೆಯಾದವರು ಗುತ್ತಿಗೆ-ಕಂ-ಮಾರಾಟದ ಅವಧಿಯಲ್ಲಿ (ಮೊದಲು ಗುತ್ತಿಗೆಗೆ ಕೊಟ್ಟು, ಅವಧಿ ಮುಗಿದ ಮೇಲೆ ಕ್ರಯ ಮಾಡಿಕೊಡುವ ಪದ್ಧತಿ) ಮಾರುವಂತಿಲ್ಲ, ಹಾಗಾಗಿ ಶುದ್ಧ ಕ್ರಯಪತ್ರ ಸಿಕ್ಕಿದೆಯೇ ನೋಡಿಕೊಳ್ಳಿ. ಖಾಸಗಿ ಬಡಾವಣೆಯಾದರೆ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ರೇರಾ ನೋಂದಣಿ, ರಸ್ತೆ-ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ ಇಷ್ಟೂ ಇರಬೇಕು. ಪ್ರಾಧಿಕಾರ ಎಲ್ಲ ಸೈಟುಗಳನ್ನೂ ಒಂದೇ ಸಲ ಬಿಡುಗಡೆ ಮಾಡದೆ, ಬಡಾವಣೆಯ ಕೆಲಸ ಮುಗಿದಂತೆ ಹಂತ ಹಂತವಾಗಿ ಮಾಡಬಹುದು. ನಿಮ್ಮ ನಂಬರು ಬಿಡುಗಡೆಯಾದ ಪಟ್ಟಿಯಲ್ಲಿದೆಯೇ ಅನ್ನುವ ಪ್ರಶ್ನೆಯನ್ನು ತುಂಬಾ ಜನ ಕೇಳುವುದೇ ಇಲ್ಲ.

ಮೂರನೆಯದು ರೆವೆನ್ಯೂ ಸೈಟು. ಕೃಷಿ ಜಮೀನನ್ನು ಪರಿವರ್ತನೆ ಇಲ್ಲದೆ ತುಂಡು ಮಾಡಿ ಮಾರಿದ್ದು. ಪಕ್ಕದ ಅನುಮೋದಿತ ಬಡಾವಣೆಗಿಂತ ಬೆಲೆ ಎಷ್ಟೋ ಕಡಿಮೆ ಇರುತ್ತದೆ, ಆಸೆ ಹುಟ್ಟುವುದು ಸಹಜ. ದೊಡ್ಡ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ನಕ್ಷೆ ಮಂಜೂರಾಗುವುದಿಲ್ಲ, ಮಾರುವಾಗ ನೀವೂ ನಗದು ಇರುವ ಗಿರಾಕಿಯನ್ನೇ ಹುಡುಕಬೇಕು. ಮುಂದೆ ಸಕ್ರಮ ಆಗುತ್ತದೆ ಅನ್ನುವ ಭರವಸೆಗೆ ಹಣ ಕೊಡಬೇಡಿ. ಸರ್ಕಾರ ಸಕ್ರಮದ ಯೋಜನೆ ತಂದರೂ ಶುಲ್ಕ ಕಟ್ಟುವವರು ನೀವೇ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟವನ್ನು ಪ್ರಶ್ನಿಸಲು ಕಾಲಮಿತಿಯೇ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಅಂಥ ನೆಲದ ಮೇಲೆ ನಾಲ್ಕು ಕೈ ಬದಲಾಗಿದ್ದರೂ ಉಪಯೋಗವಿಲ್ಲ.

ರಾಜಕಾಲುವೆ, ಕೆರೆ ಅಂಚು, ಹೆದ್ದಾರಿಗೆ ಗುರುತಿಸಿದ ಜಾಗ ಇವನ್ನು ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಹಾಕಿ, ಮಾಸ್ಟರ್ ಪ್ಲಾನ್ ನಕ್ಷೆಯ ಜತೆ ಇಟ್ಟು ನೋಡಿ. ಪೆರಿಫೆರಲ್ ರಿಂಗ್ ರಸ್ತೆಗೆಂದು 2000ದ ದಶಕದಲ್ಲಿ ಗುರುತಾದ ಜಮೀನುಗಳಲ್ಲಿ ಕಟ್ಟಲೂ ಆಗದೆ ಮಾರಲೂ ಆಗದೆ ಒಂದು ತಲೆಮಾರು ಕಳೆದವರಿದ್ದಾರೆ.

ಹಳೇ ಬಡಾವಣೆಯ ಬಿಡಿ ಮನೆ

ನನಗೆ ವೈಯಕ್ತಿಕವಾಗಿ ಇಷ್ಟವಾದದ್ದು ಇದು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ರಸ್ತೆ, ಮರ, ಕಾವೇರಿ ನೀರು, ನಡೆದು ಹೋಗುವಷ್ಟು ಹತ್ತಿರದ ತರಕಾರಿ ಅಂಗಡಿ ಎಲ್ಲವೂ ಆಗಲೇ ಇದೆ. ಕೆಳಗೆ ನೀವಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟರೆ ಕಂತಿನ ಒಂದು ಪಾಲು ಅಲ್ಲಿಂದಲೇ ಬರುತ್ತದೆ.

ಕೇಳುವ ಬೆಲೆ ದಾಖಲೆಯ ತಲೆನೋವು. ಮೂವತ್ತು ವರ್ಷದ ಹಿಂದೆ ಯಜಮಾನರು ಕಟ್ಟಿದ ಮನೆ, ಅವರು ತೀರಿಕೊಂಡಿದ್ದಾರೆ, ಮಾರುತ್ತಿರುವವರು ಇಬ್ಬರು ಗಂಡುಮಕ್ಕಳು ಅಂದುಕೊಳ್ಳಿ. ಹೆಣ್ಣುಮಕ್ಕಳು ಎಲ್ಲಿ? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಸ್ವಯಾರ್ಜಿತವಾಗಿದ್ದು ಉಯಿಲು ಬರೆಯದೆ ಹೋಗಿದ್ದರೆ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ವಾರಸುದಾರರು. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು ಅಥವಾ ನೋಂದಾಯಿತ ಹಕ್ಕುಖುಲಾಸೆ ಪತ್ರ ಕೊಟ್ಟಿರಬೇಕು. "ಅಕ್ಕನಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಅನ್ನುವುದು ದಾಖಲೆಯಲ್ಲ. ಪಾಲುದಾರರಲ್ಲಿ ಅಪ್ರಾಪ್ತರಿದ್ದರೆ ಕೋರ್ಟಿನ ಅನುಮತಿ ಬೇಕಾಗಬಹುದು, ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಎರಡನೆಯದು ಭೋಗ್ಯ. ಬೆಂಗಳೂರಿನ ಹಳೇ ಮನೆಗಳಲ್ಲಿ ಮಹಡಿಗಳನ್ನು ಭೋಗ್ಯಕ್ಕೆ ಕೊಟ್ಟು ಮಾಲೀಕರು ಆ ಹಣ ಬಳಸಿಕೊಂಡಿರುವುದು ಸಾಮಾನ್ಯ. 12 ಲಕ್ಷದ ಭೋಗ್ಯಪತ್ರ ಇರುವವರು ಮನೆಯಲ್ಲಿದ್ದರೆ, ಆ ಹಣ ಹಿಂದಿರುಗದೆ ಅವರೇಕೆ ಎದ್ದು ಹೋಗುತ್ತಾರೆ? ನೋಂದಣಿಗೆ ಮೊದಲು ಮನೆ ಖಾಲಿಯಾಗಬೇಕು, ಅಥವಾ ಅಷ್ಟು ಹಣ ಕ್ರಯದಲ್ಲಿ ಕಳೆದು ನಿಮ್ಮ ಕೈಯಿಂದಲೇ ಅವರಿಗೆ ಕೊಡುವಂತೆ ಕರಾರಿನಲ್ಲಿ ಬರೆಯಿಸಿ.

ಬೆಲೆ ಕಟ್ಟುವಾಗ ನೆಲದ ಬೆಲೆ ಬೇರೆ, ಕಟ್ಟಡದ್ದು ಬೇರೆ. ತುಂಬ ಹಳತಾದ ಕಟ್ಟಡಕ್ಕೆ ಬ್ಯಾಂಕು ಉಳಿದ ಆಯುಷ್ಯ ನೋಡಿ ಸಾಲದ ಅವಧಿ ಮೊಟಕು ಮಾಡಬಹುದು, ಆಗ ತಿಂಗಳ ಕಂತು ಏರುತ್ತದೆ. ವೈರಿಂಗು, ಪೈಪು ಬದಲಿಸುವ ಖರ್ಚನ್ನು ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಅಂದಾಜು ಮಾಡಿಸಿ, ಚೌಕಾಸಿಗೆ ಅದೇ ಆಧಾರ.

ಹೂಡಿಕೆಗೆ ಅಂತ ಕೊಳ್ಳುವವರು

ವಾಸಕ್ಕಲ್ಲದೆ ಹಣ ಬೆಳೆಯಲಿ ಅಂತ ಕೊಳ್ಳುವವರ ಲೆಕ್ಕವೇ ಬೇರೆ. 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 25 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ. ನಿರ್ವಹಣೆ, ಆಸ್ತಿ ತೆರಿಗೆ, ಒಂದೆರಡು ತಿಂಗಳು ಖಾಲಿ ಬೀಳುವುದು ಕಳೆದರೆ ಕೈಗೆ ಸಿಗುವುದು ಶೇ 3ರ ಹತ್ತಿರ. ಶೇ 8.5ಕ್ಕೆ ಸಾಲ ತಂದು ಇದನ್ನು ಕೊಳ್ಳುವುದು ಬೆಲೆ ಏರಿಕೆಯ ಮೇಲೆ ಕಟ್ಟುವ ಬಾಜಿ. ಬಾಜಿ ಕಟ್ಟುವುದೇ ಆದರೆ ನೆಲದ ಪಾಲು ಹೆಚ್ಚಿರುವ ಕಡೆ ಕಟ್ಟಿ, ಅಂದರೆ ಅನುಮೋದಿತ ಬಡಾವಣೆಯ ಸೈಟಿನಲ್ಲಿ. ಅಲ್ಲಿ ಬಾಡಿಗೆ ಬರುವುದಿಲ್ಲ, ಬೇಲಿ ಹಾಕಿ ಬೋರ್ಡು ನೆಟ್ಟು ವರ್ಷಕ್ಕೊಮ್ಮೆ ಇಸಿ ತೆಗೆಸಿ ನೋಡುತ್ತಿರಬೇಕು. ಸೈಟಿನ ಸಾಲದ ಬಡ್ಡಿಗೆ, ಮನೆ ಕಟ್ಟದ ಹೊರತು, ತೆರಿಗೆ ವಿನಾಯಿತಿಯೂ ಇಲ್ಲ.

ಮೆಟ್ರೊ ಬರುತ್ತದೆ ಅನ್ನುವ ಮಾತಿಗೆ ಬೆಲೆ ಕೊಡುವವರಿಗೆ ಒಂದು ಮಾತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ಅದರ ಹೆಸರು ಹೇಳಿ ಅಲ್ಲಿ ಮಾರಾಟ ನಡೆಯುತ್ತಿದ್ದದ್ದು ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ. ಓಡುತ್ತಿರುವ ರೈಲಿಗೆ ಹೆಚ್ಚು ದುಡ್ಡು ಕೊಡಿ, ನಕ್ಷೆಯ ಗೆರೆಗೆ ಕೊಡಬೇಡಿ.

ಮಾರುವ ದಿನದ ತೆರಿಗೆಯನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಎರಡು ವರ್ಷ ದಾಟಿದ ಆಸ್ತಿಯ ಲಾಭಕ್ಕೆ ಶೇ 12.5, 2024ರ ಜುಲೈ 23ಕ್ಕೆ ಮೊದಲು ಕೊಂಡಿದ್ದರೆ ಇಲ್ಲಿನ ನಿವಾಸಿಗಳು ಹಣದುಬ್ಬರ ಕಳೆದು ಶೇ 20ರ ಹಳೆಯ ಲೆಕ್ಕವನ್ನೂ ಆರಿಸಿಕೊಳ್ಳಬಹುದು. ಓಡಾಟವೇ ಬೇಡ, ಕೈಯಲ್ಲಿರುವುದೇ ಕೆಲವು ಲಕ್ಷ ಅನ್ನುವವರಿಗೆ ಷೇರುಪೇಟೆಯಲ್ಲಿ ಸಿಗುವ ರೀಟ್‌ಗಳಿವೆ, ಅಂದರೆ ಹಲವರ ಹಣ ಸೇರಿಸಿ ಕಟ್ಟಡಗಳಲ್ಲಿ ಹೂಡುವ ಟ್ರಸ್ಟುಗಳು. ದೇಶದ ಮೊದಲನೆಯದಾದ ಎಂಬಸಿ ರೀಟ್ 2019ರಲ್ಲಿ ಪಟ್ಟಿಯಾದದ್ದು. ಕಚೇರಿ ಕಟ್ಟಡಗಳ ಬಾಡಿಗೆಯ ಪಾಲು ಬರುತ್ತದೆ, ಬೇಡವಾದಾಗ ಮಾರಿ ಹೊರಬರಬಹುದು. ಷೇರಿನಂತೆ ಬೆಲೆ ಇಳಿಯುವುದೂ ಉಂಟು.

ಹಾಗಾದರೆ ಯಾರಿಗೆ ಯಾವುದು

ಮೊದಲಿನ ಪ್ರಶ್ನೆ ಕೇಳಿದವರಿಗೆ ಬರೋಣ. 20 ಲಕ್ಷ ಇದೆ, ಇಬ್ಬರೂ ದುಡಿಯುತ್ತಾರೆ, ಕಾಲ ಓಡಾಟ ಎರಡೂ ಇಲ್ಲ ಅಂದುಕೊಳ್ಳಿ. 58-60 ಲಕ್ಷದೊಳಗಿನ, ಓಸಿ ಮತ್ತು ಎ ಖಾತೆ ಇರುವ, ಸಿದ್ಧ ಫ್ಲ್ಯಾಟು ನೋಡಿ. ಅಷ್ಟಕ್ಕೆ ಆಫೀಸಿನ ಹತ್ತಿರ ಸಿಗದಿದ್ದರೆ ಓಡುತ್ತಿರುವ ಮೆಟ್ರೊ ನಿಲ್ದಾಣದ ಹತ್ತಿರ.

ಅಪ್ಪ ನಿವೃತ್ತರಾಗಿದ್ದು, ಸೈಟಿನ ಹತ್ತಿರವೇ ಇದ್ದು, ದಿನಾ ಹೋಗಿ ಕ್ಯೂರಿಂಗಿಗೆ ನೀರು ಹಾಕಿಸಲು ಉತ್ಸಾಹ ಇರುವವರಾದರೆ ಚಿತ್ರ ಬದಲಾಗುತ್ತದೆ, ನಿಮ್ಮಲ್ಲಿ ಇಲ್ಲದ ಓಡಾಟ ಅವರಲ್ಲಿದೆ. ಆಗ ಹೊರವಲಯದ ಅನುಮೋದಿತ ಬಡಾವಣೆಯಲ್ಲಿ ಟ್ವೆಂಟಿ-ತರ್ಟಿ ಸೈಟಾದರೂ ಸರಿ, ಸೈಟು ಮತ್ತು ಕಟ್ಟಡ ಎರಡಕ್ಕೂ ಸೇರಿದ ಒಂದೇ ಸಾಲ ಕೇಳಿ. ಮಾವನವರು ನೋಡಿಟ್ಟ ಹಳೇ ಮನೆ ನಿಮ್ಮ ಬಜೆಟ್ಟಿಗೆ ಎಟುಕಿದರೆ, ವಾರಸುದಾರರೆಲ್ಲ ಒಂದೇ ಕೋಣೆಯಲ್ಲಿ ಕೂತು ಮಾತನಾಡುವವರಾದರೆ ಅದನ್ನು ಬಿಡಬೇಡಿ ಅನ್ನುತ್ತೇನೆ. ಒಬ್ಬರು ಫೋನೆತ್ತುತ್ತಿಲ್ಲ ಅಂದರೂ ಬಿಟ್ಟುಬಿಡಿ.

ಮೂರು ವರ್ಷದಲ್ಲಿ ಊರು ಬಿಡುವ ಸಾಧ್ಯತೆ ಇದ್ದವರು ಸದ್ಯಕ್ಕೆ ಬಾಡಿಗೆಯಲ್ಲೇ ಇರಿ. ಶೇ 7.6 ನೋಂದಣಿ ಖರ್ಚು, ಮಾರುವಾಗಿನ ದಲ್ಲಾಳಿ ಹಣ ಅಷ್ಟು ಬೇಗ ಹಿಂದೆ ಬರುವುದಿಲ್ಲ.

ಯಾವುದನ್ನೇ ಆರಿಸಿದರೂ ಹಣ ಕೊಡುವ ಕ್ರಮ ಮಾತ್ರ ಒಂದೇ ಇರಲಿ. ಮೊದಲು ಪೂರ್ತಿ ಜೆರಾಕ್ಸ್ ಸೆಟ್ಟು, ಅದು ನಿಮ್ಮ ವಕೀಲರ ಕೈಗೆ; ಬಿಲ್ಡರ್ ಅಥವಾ ಬ್ರೋಕರ್ ಕೊಟ್ಟ ವಕೀಲರ ಕೈಗಲ್ಲ. ಅವರು ಒಪ್ಪಿದ ಮೇಲೆ ಸಣ್ಣ ಟೋಕನ್, ಚೆಕ್ಕಿನಲ್ಲಿ. ಆಮೇಲೆ ಕರಾರು. ಅದರಲ್ಲಿ ಈ ಒಂದು ಸಾಲು ಬರೆಯಿಸದೆ ಸಹಿ ಹಾಕಬೇಡಿ: ದಾಖಲೆಯ ಕೊರತೆಯಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡ ಹಣವನ್ನು 15 ದಿನದೊಳಗೆ ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು. ಮಾರುವವರು ಇದನ್ನು ಬರೆಯಲು ಹಿಂದೇಟು ಹಾಕಿದರೆ ಯಾಕೆ ಅಂತ ಕೇಳಿ, ಸುಮ್ಮನೆ ಕೂತು ಅವರು ಹೇಳುವ ಕಾರಣವನ್ನು ಪೂರ್ತಿ ಕೇಳಿಸಿಕೊಳ್ಳಿ.